ಗಡಿಯಾಚೆಯ ಹಲ್ಲಿನ ಪೇಟೆ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ನಮ್ಮ ಗಾದೆಯನ್ನು ಅಮೆರಿಕದ ವೃದ್ಧರು ಕೇಳಿರಲಾರರು. ಆದರೆ ಅದರ ಕಹಿಯನ್ನು ಚೆನ್ನಾಗಿ ಬಲ್ಲರು. ಸಿರಿವಂತ ದೇಶದ ಆ ಹಿರಿಯರು ಹಲ್ಲು ಕಟ್ಟಿಸಿಕೊಳ್ಳಲು ನೆರೆಯ ಮೆಕ್ಸಿಕೊಕ್ಕೆ ಹೋಗಿಬರುತ್ತಾರೆಂದರೆ ಯಾರಿಗಾದರೂ ಅಚ್ಚರಿಯಾದೀತು.

ಅವರು ಹೋಗುವ ಊರುಗಳಲ್ಲಿ ಹೆಸರಾದದ್ದು ಲೋಸ್ ಅಲ್ಗೊದೋನೆಸ್. ಸ್ಪ್ಯಾನಿಷ್ ಭಾಷೆಯಲ್ಲಿ ಅಲ್ಗೊದೋನ್ ಎಂದರೆ ಹತ್ತಿ. ಮೆಕ್ಸಿಕೊದ ಉತ್ತರದ ತುತ್ತತುದಿಯಲ್ಲಿ, ಕೊಲೊರಾಡೊ ನದಿಯ ಬಳಿ ಇರುವ ಈ ಊರಿನ ಜನಸಂಖ್ಯೆ 2010ರ ಜನಗಣತಿಯಲ್ಲಿ 5,500ನ್ನೂ ಮುಟ್ಟಿರಲಿಲ್ಲ. ದಂತವೈದ್ಯರಾದರೋ 300ಕ್ಕೂ ಮಿಕ್ಕಿದ್ದಾರೆ! ಅಮೆರಿಕನ್ನರು ಇದನ್ನು ವಿನೋದವಾಗಿ ‘ದವಡೆಹಲ್ಲಿನ ನಗರ’ವೆಂದು ಕರೆಯುತ್ತಾರೆ.

ಚಳಿಗಾಲ ಬಂತೆಂದರೆ ಇಲ್ಲಿ ಸುಗ್ಗಿ. ಹಿಮವನ್ನು ತಾಳಲಾರದೆ ಕೆನಡಾದಿಂದಲೂ ಅಮೆರಿಕದ ಉತ್ತರ ರಾಜ್ಯಗಳಿಂದಲೂ ನಿವೃತ್ತರು ಬಂದು, ಸಮೀಪದ ಅರಿಜೋನ ರಾಜ್ಯದ ಯೂಮಾ ಪಟ್ಟಣದ ಸುತ್ತ ಬೀಡುಬಿಡುತ್ತಾರೆ. ‘ಹಿಮದ ಹಕ್ಕಿಗಳು’ ಎಂದೇ ಅವರಿಗೆ ಹೆಸರು. ಅಮೆರಿಕದ ಕಡೆ ಕ್ವೆಚಾನ್ ಮೂಲನಿವಾಸಿಗಳು ನಡೆಸುವ ನಿಲ್ದಾಣದಲ್ಲಿ ಕಾರು ಬಿಟ್ಟು, ಕಾಲ್ನಡಿಗೆಯಲ್ಲೇ ಗಡಿ ದಾಟಿದರಾಯಿತು. ಎದುರಿಗೇ ದಂತವೈದ್ಯರ ಫಲಕಗಳ ಸಾಲು, ಔಷಧದ ಅಂಗಡಿಗಳು, ಕನ್ನಡಕದ ಅಂಗಡಿಗಳು, ಗಿರಾಕಿಗಳನ್ನು ಕೂಗಿ ಕರೆಯುವ ದಲ್ಲಾಳಿಗಳು. ದಕ್ಷಿಣದವರು ಒಳನುಗ್ಗದಿರಲೆಂದು ಅಮೆರಿಕ ಹಾಕಿದ ಬೇಲಿಯ ಪಕ್ಕದಲ್ಲೇ ಉತ್ತರದ ವೃದ್ಧರು ದಕ್ಷಿಣಕ್ಕೆ ನಡೆಯುತ್ತಾರೆ. ಮರಳುವಾಗ ಮಾತ್ರ ಸರದಿಯಲ್ಲಿ ಬಹಳ ಹೊತ್ತು ಕಾಯಬೇಕಾಗುವುದುಂಟು. 2009ರಿಂದ ಪಾಸ್‌ಪೋರ್ಟ್ ಅಥವಾ ಅದಕ್ಕೆ ಸಮನಾದ ಪತ್ರವೂ ಅವಶ್ಯ.

ಈ ಯಾತ್ರೆಗೆ ಕಾರಣವೇನು? ಅದಕ್ಕಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಸಹಿ ಮಾಡಿದ ಶಾಸನವನ್ನು ನೋಡಬೇಕು. 65 ದಾಟಿದವರ ಚಿಕಿತ್ಸೆಯ ವೆಚ್ಚದಲ್ಲಿ ನೆರವಾಗುವ ಮೆಡಿಕೇರ್ ಯೋಜನೆ ಅಂದು ಹುಟ್ಟಿತು. ಹೃದಯ, ಮೂಳೆ, ಮೂತ್ರಪಿಂಡ, ಎಲ್ಲಕ್ಕೂ ಅದರಲ್ಲಿ ಎಡೆಯುಂಟು. ಹುಳುಕು ತುಂಬಿಸುವುದು, ಹಲ್ಲು ಕೀಳಿಸುವುದು, ಕಟ್ಟಿಸುವುದು ಮುಂತಾದ ಸಾಮಾನ್ಯ ಕೆಲಸಗಳಿಗೆ ಇಲ್ಲ. ಹಲ್ಲು ದೇಹದ ಅಂಗವೇ ಅಲ್ಲವೇನೋ ಎಂಬಂತಾಯಿತು! ಖಾಸಗಿ ವಿಮೆ ಕೊಟ್ಟರೂ ಅದಕ್ಕೊಂದು ಮಿತಿ. ಸವೆದ ಒಂದು ಹಲ್ಲಿಗೆ ಕವಚ ತೊಡಿಸಲು ಅಮೆರಿಕದಲ್ಲಿ 1,000 ಡಾಲರಿಗೂ ಮೇಲೆ ತಗಲುವುದು ಸಾಮಾನ್ಯ. ಗಡಿಯಾಚೆ ಅದರ ಮೂರರಲ್ಲೊಂದು ಪಾಲಿಗೇ ಕೆಲಸ ಮುಗಿಯುವುದುಂಟು. ಅಲ್ಲಿ ಸಂಬಳ, ಬಾಡಿಗೆ ಎರಡೂ ಅಗ್ಗ. ಅಮೆರಿಕದ ವೈದ್ಯರು ಹೊರುವಷ್ಟು ಓದಿನ ಸಾಲವೂ ಅಲ್ಲಿಯವರ ತಲೆಯ ಮೇಲಿಲ್ಲ.

ಆದರೆ ಅಗ್ಗವೆಂದು ಕಣ್ಣು ಮುಚ್ಚಿಕೊಂಡು ಹೋಗುವಂತಿಲ್ಲ. ದವಡೆಯ ಮೂಳೆಯಲ್ಲಿ ಲೋಹದ ತಿರುಪು ಕೂರಿಸಿ ನೆಡುವ ಹಲ್ಲು ಬೇರೂರಲು ತಿಂಗಳುಗಳೇ ಬೇಕು. ಊರಿಗೆ ಮರಳಿದ ಮೇಲೆ ಕೆಟ್ಟರೆ ನೋಡುವವರಾರು? ಪರದೇಶದ ವೈದ್ಯರ ಮೇಲೆ ದಾವೆ ಹೂಡುವುದೂ ಸುಲಭವಲ್ಲ. ಹಲ್ಲಿನ ಮಾತು ಹಾಗಿರಲಿ, ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಅಪಾಯ ಇನ್ನೂ ಹೆಚ್ಚು. 2023ರಲ್ಲಿ ಇದೇ ಗಡಿಯ ಪೂರ್ವದ ಕೊನೆಯಲ್ಲಿರುವ ಮಾತಾಮೊರೋಸ್ ನಗರದಲ್ಲಿ ಬೆನ್ನಿಗೆ ಅರಿವಳಿಕೆ ಚುಚ್ಚಿಸಿಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದ ಹಲವರ ಮೆದುಳಿನ ಪೊರೆಗೆ ಶಿಲೀಂಧ್ರದ ಸೋಂಕು ತಗುಲಿತು. ಕೆಲವರು ಬದುಕಿ ಉಳಿಯಲಿಲ್ಲ.

ಆದುದರಿಂದ ವಿವೇಕಿಗಳು ಮೊದಲೇ ವೈದ್ಯರ ಅರ್ಹತೆಯನ್ನು ವಿಚಾರಿಸುತ್ತಾರೆ, ಲೆಕ್ಕವನ್ನು ಬರಹದಲ್ಲಿ ಕೇಳುತ್ತಾರೆ, ದಲ್ಲಾಳಿಯ ಮಾತಿಗೆ ಮರುಳಾಗುವುದಿಲ್ಲ. ಆದರೂ ಗಡಿ ದಾಟುವುದನ್ನು ಬಿಡುವುದಿಲ್ಲ. ತಮ್ಮೂರಿನ ವೈದ್ಯರ ಬಿಲ್ಲು ಕೈಗೆಟುಕದವರಿಗೆ ಉಳಿದಿರುವ ದಾರಿ ಎರಡೇ: ಮೆಕ್ಸಿಕೊದ ಹಲ್ಲು, ಇಲ್ಲವೇ ಬೊಚ್ಚುಬಾಯಿ.