ಗಡ್ಡ ಸ್ತ್ರೀಲಿಂಗ, ಫ್ರಾಕು ಪುಲ್ಲಿಂಗ

ತಪ್ಪು ಕಲ್ಪನೆ: ಸ್ಪ್ಯಾನಿಷ್ ಭಾಷಿಕರು ವಸ್ತುಗಳಲ್ಲಿ ಗಂಡು-ಹೆಣ್ಣಿನ ಗುಣ ಕಂಡು ಲಿಂಗ ಕೊಟ್ಟಿದ್ದಾರೆ.

ಸತ್ಯ: ಹಾಗಿದ್ದರೆ ಗಡ್ಡ, ಅಂದರೆ 'ಲಾ ಬಾರ್ಬಾ', ಸ್ತ್ರೀಲಿಂಗವಾಗುತ್ತಿರಲಿಲ್ಲ; ಹೆಂಗಸರ ಫ್ರಾಕು, 'ಎಲ್ ಬೆಸ್ತೀದೊ', ಪುಲ್ಲಿಂಗವಾಗುತ್ತಿರಲಿಲ್ಲ. (ನಾಮಪದದ ಹಿಂದೆ ಬರುವ 'ಲಾ' ಸ್ತ್ರೀಲಿಂಗದ ಗುರುತು, 'ಎಲ್' ಪುಲ್ಲಿಂಗದ್ದು.) ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಡಿದು ನಡೆಯುತ್ತದೆ. ಸ್ಪ್ಯಾನಿಷ್‌ನಲ್ಲಿ ಅದು ಪದಕ್ಕೆ ಅಂಟಿದ್ದು, ವಸ್ತುವಿಗಲ್ಲ. ವ್ಯಕ್ತಿ ಎಂಬರ್ಥದ 'ಪೆರ್ಸೋನಾ' ಗಂಡಸಿನ ಬಗ್ಗೆ ಹೇಳುವಾಗಲೂ ಸ್ತ್ರೀಲಿಂಗವೇ. ಸಂಸ್ಕೃತ ಓದಿದವರಿಗೆ ಇದು ಹೊಸದಲ್ಲ: ಹೆಂಡತಿ ಎಂಬರ್ಥದ 'ದಾರ' ಅಲ್ಲಿ ಪುಲ್ಲಿಂಗ, 'ಕಲತ್ರ' ನಪುಂಸಕ.

ತಪ್ಪು ಕಲ್ಪನೆ: ಪದದ ಕೊನೆಗೆ 'ಒ' ಇದ್ದರೆ ಪುಲ್ಲಿಂಗ, 'ಆ' ಇದ್ದರೆ ಸ್ತ್ರೀಲಿಂಗ, ಅಷ್ಟೇ.

ಸತ್ಯ: ಬಹಳಷ್ಟು ಕಡೆ ಸರಿ. ಆದರೆ ಕೈ 'ಲಾ ಮಾನೊ', ದಿನ 'ಎಲ್ ದೀಆ'. ಗ್ರೀಕಿನಿಂದ ಬಂದ 'ಪ್ರೊಬ್ಲೇಮಾ', 'ಸಿಸ್ತೇಮಾ' ಪುಲ್ಲಿಂಗ. 'ಫೋತೊ' ಸ್ತ್ರೀಲಿಂಗ, ಏಕೆಂದರೆ ಅದು 'ಫೋತೊಗ್ರಫೀಆ' ಎಂಬುದರ ಮೊಟಕು ರೂಪ.

ಹೊಸಬರನ್ನು ಹೆಚ್ಚು ಎಡವಿಸುವುದು ನೀರು: 'ಎಲ್ ಆಗ್ವಾ'. 'ಎಲ್' ಕಂಡ ಕೂಡಲೇ ಪುಲ್ಲಿಂಗ ಎಂದು ಬರೆದುಕೊಳ್ಳುತ್ತಾರೆ. ಅಲ್ಲ. ತಣ್ಣೀರು 'ಎಲ್ ಆಗ್ವಾ ಫ್ರೀಆ'; ವಿಶೇಷಣ ಸ್ತ್ರೀಲಿಂಗದಲ್ಲೇ ಇದೆ. ಬಹುವಚನದಲ್ಲಿ 'ಲಾಸ್ ಆಗ್ವಾಸ್'. ಈ 'ಎಲ್' ಹಳೆಯ ಸ್ತ್ರೀಲಿಂಗ ರೂಪ 'ಎಲಾ'ದ ಕೊನೆಯ ಸ್ವರ ಮುಂದಿನ 'ಆ'ಕಾರಕ್ಕೆ ತಾಗಿ ಬಿದ್ದುಹೋಗಿ ಉಳಿದದ್ದು. ನಮ್ಮ ಲೋಪಸಂಧಿಯ ಕೆಲಸವೇ ಇಲ್ಲೂ ನಡೆದಿದೆ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇದಕ್ಕಿಂತ ಸೊಗಸಾದ ವಿಷಯವಿಲ್ಲ.

ತಪ್ಪು ಕಲ್ಪನೆ: ಕ್ರಿಯಾಪದವೂ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ.

ಸತ್ಯ: ಇಲ್ಲ. ಹಾಡುತ್ತಾನೆ, ಹಾಡುತ್ತಾಳೆ ಎರಡಕ್ಕೂ 'ಕಾಂತಾ'. ಗಂಡಸು ಹಾಡುತ್ತಾನೆಂದು 'ಕಾಂತೊ' ಮಾಡಿದರೆ 'ನಾನು ಹಾಡುತ್ತೇನೆ' ಎಂದಾಗುತ್ತದೆ.

ತಪ್ಪು ಕಲ್ಪನೆ: ಎಲ್ಲ ವಿಶೇಷಣಗಳಿಗೂ ನಾಲ್ಕು ರೂಪ.

ಸತ್ಯ: ನಮ್ಮ 'ಬಿಳಿ' ಮನೆಗೂ ಬಿಳಿ, ಮನೆಗಳಿಗೂ ಬಿಳಿ. ಅಲ್ಲಿ 'ಕಾಸಾ ಬ್ಲಾಂಕಾ', 'ಕಾಸಾಸ್ ಬ್ಲಾಂಕಾಸ್'. ಪುಸ್ತಕವಾದರೆ 'ಲಿಬ್ರೊ ಬ್ಲಾಂಕೊ', 'ಲಿಬ್ರೋಸ್ ಬ್ಲಾಂಕೋಸ್'. ಆದರೆ ಹಸಿರಿನ 'ಬೆರ್ದೆ', ನೀಲಿಯ 'ಆಸುಲ್' ಲಿಂಗಕ್ಕೆ ಬಾಗುವುದಿಲ್ಲ, ವಚನಕ್ಕೆ ಮಾತ್ರ: 'ಬೆರ್ದೆಸ್', 'ಆಸುಲೆಸ್'.

ವಚನದಲ್ಲಿ ಕನ್ನಡಿಗರು ಎರಡು ಕಡೆ ಎಚ್ಚರವಾಗಿರಬೇಕು. ನಾವು 'ಎರಡು ಪುಸ್ತಕ' ಅನ್ನುತ್ತೇವೆ. ಅಲ್ಲಿ 'ದೋಸ್ ಲಿಬ್ರೋಸ್' ಎಂದು ಬಹುವಚನ ಬೇಕೇ ಬೇಕು. ನಮ್ಮಲ್ಲಿ 'ಜನ ಬಂದರು'; ಅಲ್ಲಿ ಜನ ಎಂಬ 'ಲಾ ಹೆಂತೆ'ಗೆ ಏಕವಚನದ ಕ್ರಿಯಾಪದ.

ಪದವನ್ನು ಬರಿದೇ ಬಾಯಿಪಾಠ ಮಾಡಬೇಡಿ. 'ಎಲ್' ಅಥವಾ 'ಲಾ' ಜೊತೆಗಿಟ್ಟುಕೊಂಡೇ ಕಲಿಯಿರಿ. ನೀರನ್ನು ಮಾತ್ರ 'ಎಲ್ ಆಗ್ವಾ ಫ್ರೀಆ' ಎಂದು ಮೂರೂ ಪದ ಸೇರಿಸಿ.