ಮುರಿದ ಹಿಮ್ಮಡಿಗೆ ಸಣ್ಣ ಗಾಯವೇ ಲೇಸು

ಅಡಿಕೆ ಮರದಿಂದ ಜಾರಿದವರು, ಕಟ್ಟಡದ ಸಾರುವೆಯಿಂದ ಬಿದ್ದವರು ನೆಲಕ್ಕೆ ಕಾಲೂರಿದ್ದರೆ, ‘ಸದ್ಯ, ತಲೆಗೇನೂ ಆಗಲಿಲ್ಲ’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುವುದುಂಟು. ಆದರೆ ಹಾಗೆ ಬಿದ್ದಾಗ ದೇಹದ ಭಾರವೆಲ್ಲ ಬಂದು ಎರಗುವುದು ಹಿಮ್ಮಡಿಯ ಮೂಳೆಯ ಮೇಲೆ.

ಪಾದದ ಹಿಂಭಾಗದಲ್ಲಿರುವ ಏಳು ಮೂಳೆಗಳಲ್ಲಿ ಇದೇ ದೊಡ್ಡದು, ಹೆಚ್ಚಾಗಿ ಮುರಿಯುವುದೂ ಇದೇ. ಹೊರಗೆ ತೆಳ್ಳನೆಯ ಗಟ್ಟಿ ಪದರ, ಒಳಗೆ ಸ್ಪಂಜಿನಂಥ ರಚನೆ. ಬಿದ್ದ ರಭಸಕ್ಕೆ ಇದರ ಮೇಲೆ ಕುಳಿತಿರುವ ಟೇಲಸ್ ಮೂಳೆ ಬೆಣೆಯಂತೆ ಕೆಳಗಿಳಿದು ಇದನ್ನು ಸೀಳುತ್ತದೆ. ಹಿಮ್ಮಡಿಯ ಎತ್ತರ ಕುಗ್ಗಿ ಅಗಲ ಹೆಚ್ಚುತ್ತದೆ. ನಾಲ್ವರಲ್ಲಿ ಸುಮಾರು ಮೂವರಿಗೆ ಬಿರುಕು ಈ ಎರಡು ಮೂಳೆಗಳ ನಡುವಿನ ಕೀಲನ್ನು ಮುಟ್ಟುತ್ತದೆ. ಏರುತಗ್ಗಿನ ನೆಲದಲ್ಲಿ ಪಾದ ಅತ್ತಿತ್ತ ಹೊರಳುವುದು ಈ ಕೀಲಿನಿಂದಲೇ. ಅದು ಕೆಟ್ಟರೆ ಗದ್ದೆಯ ಬದುವೂ ಕಷ್ಟ, ಏಣಿಯೂ ಕಷ್ಟ. ದುಡಿದು ತಿನ್ನುವವನಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಮೂಳೆ ಎಷ್ಟು ಕುಸಿದಿದೆ ಎಂದು ಎಕ್ಸ್-ರೇಯಲ್ಲಿ ಅಳೆಯುವ ಕೋನವೊಂದನ್ನು ವಿಯೆನ್ನಾದ ವೈದ್ಯ ಲೊರೆಂಝ್ ಬೋಹ್ಲರ್ 1931ರಲ್ಲಿ ವಿವರಿಸಿದರು. ಸಾಮಾನ್ಯವಾಗಿ 20ರಿಂದ 40 ಡಿಗ್ರಿಯಷ್ಟಿರುವ ಆ ಕೋನ, ಮೂಳೆ ಕುಸಿದಾಗ ಕಡಿಮೆಯಾಗುತ್ತದೆ. ಈಗ ಸಿ.ಟಿ. ಸ್ಕ್ಯಾನ್ ಕೀಲಿನ ಚೂರುಗಳನ್ನೂ ಎಣಿಸಿ ತೋರಿಸುತ್ತದೆ.

ತೊಂದರೆ ಇರುವುದು ಮೂಳೆಯಲ್ಲಷ್ಟೇ ಅಲ್ಲ, ಚರ್ಮದಲ್ಲಿ. ಹಿಮ್ಮಡಿಯ ಹೊರಬದಿಯಲ್ಲಿ ಚರ್ಮ ತೆಳು, ಅದರ ಕೆಳಗೆ ಮಾಂಸವೇ ಇಲ್ಲವೆನ್ನಬಹುದು. ಹಳೆಯ ಪದ್ಧತಿಯಲ್ಲಿ ಅಲ್ಲಿ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಉದ್ದಕ್ಕೆ ಕೊಯ್ದು, ಚರ್ಮವನ್ನು ಮಡಿಚಿ ಮೇಲೆತ್ತಿ ಮೂಳೆಯನ್ನು ಜೋಡಿಸುತ್ತಾರೆ. ಊತ ಇಳಿದು ಚರ್ಮದಲ್ಲಿ ನೆರಿಗೆ ಕಾಣುವವರೆಗೆ ಒಂದೆರಡು ವಾರ ಕಾಯಬೇಕಾಗುತ್ತದೆ. ಅಷ್ಟಾದರೂ ಹೊಲಿಗೆ ಬಿಡುವುದು, ಕೀವಾಗುವುದು ಅಪರೂಪವಲ್ಲ.

ಬ್ರಿಟನ್ನಿನ 22 ಆಸ್ಪತ್ರೆಗಳಲ್ಲಿ 151 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಹೇಳಿತು. ದೊಡ್ಡ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಎರಡು ವರ್ಷಗಳ ನಂತರ ಮಾಡಿಸಿಕೊಳ್ಳದವರಿಗಿಂತ ಉತ್ತಮ ಸ್ಥಿತಿಯಲ್ಲಿರಲಿಲ್ಲ. ತೊಡಕುಗಳು ಮಾತ್ರ ಶೇ. 23, ಉಳಿದವರಲ್ಲಿ ಶೇ. 4.

ಸಣ್ಣ ಗಾಯದ ಶಸ್ತ್ರಕ್ರಿಯೆಗೆ ಮಹತ್ವ ಬಂದಿರುವುದು ಇಲ್ಲಿಯೇ. ಚರ್ಮದ ಮೂಲಕ ಸಲಾಕೆ ತೂರಿಸಿ ಮೂಳೆಯನ್ನು ಮೀಟಿ ಎತ್ತುವ ವಿಧಾನ ಹಳೆಯದು. ಬ್ರಿಟನ್ನಿನ ಎಸೆಕ್ಸ್-ಲೊಪ್ರೆಸ್ಟಿಯವರ ಈ ಕುರಿತ ಬರಹ 1952ರಲ್ಲಿ ಪ್ರಕಟವಾಯಿತು. ಇಂದು ಪಾದದ ಹೊರಗಂಟಿನ ಕೆಳಗೆ ಎರಡರಿಂದ ನಾಲ್ಕು ಸೆಂಟಿಮೀಟರ್ ಕೊಯ್ದು, ಕೀಲನ್ನು ಕಣ್ಣಾರೆ ಕಂಡು, ಕುಸಿದ ಚೂರನ್ನು ಎತ್ತಿ ಕೂರಿಸಿ, ಸ್ಕ್ರೂ ಅಥವಾ ಪುಟ್ಟ ಪ್ಲೇಟಿನಿಂದ ಬಿಗಿಯುತ್ತಾರೆ. ಪರದೆಯ ಮೇಲೆ ಮೂಳೆಯ ಬಿಂಬ ತೋರಿಸುವ ‘ಸಿ-ಆರ್ಮ್’ ಯಂತ್ರ ಕೈಗೆ ದಾರಿ ತೋರುತ್ತದೆ. ಗಾಯದ ತೊಡಕುಗಳು ಇದರಲ್ಲಿ ಕಡಿಮೆ.

ಆದರೆ ಇದು ಎಲ್ಲರಿಗೂ ಒಗ್ಗುವುದಿಲ್ಲ. ಮೂಳೆ ನುಚ್ಚುನೂರಾಗಿದ್ದರೆ ಸಣ್ಣ ಕಿಂಡಿಯಿಂದ ಜೋಡಿಸುವುದು ಕಷ್ಟ. ಚೂರುಗಳು ಹೆಚ್ಚು ಸರಿದಿರದಿದ್ದರೆ ಶಸ್ತ್ರಕ್ರಿಯೆಯೇ ಬೇಡವಾಗಬಹುದು. ಎಣ್ಣೆ ಉಜ್ಜಿಸಿ, ಪಟ್ಟು ಕಟ್ಟಿಸಿ ಮೂರ್ನಾಲ್ಕು ವಾರ ಕಳೆದು ಬಂದರೆ ಚೂರುಗಳು ಅಡ್ಡಾದಿಡ್ಡಿಯಾಗಿ ಅಂಟಿಕೊಂಡು ಈ ಅವಕಾಶವೇ ತಪ್ಪುತ್ತದೆ.

ಆದ್ದರಿಂದ ಎತ್ತರದಿಂದ ಬಿದ್ದು ಹಿಮ್ಮಡಿ ಊದಿಕೊಂಡರೆ ಕಾಲೂರದೆ, ಪಾದವನ್ನು ದಿಂಬಿನ ಮೇಲೆ ಎತ್ತರಿಸಿಟ್ಟು, ಬೇಗ ಮೂಳೆ ತಜ್ಞರಿಗೆ ತೋರಿಸಬೇಕು. ಹಿಮ್ಮಡಿಯ ಹಿಂಬದಿಯ ಚರ್ಮ ಒಳಗಿನ ಮೂಳೆಯ ಒತ್ತಡಕ್ಕೆ ಬಿಳಚಿಕೊಂಡಿದ್ದರೆ ಒಂದು ದಿನವೂ ಕಾಯುವಂತಿಲ್ಲ. ಬೆನ್ನು ನೋವಿದ್ದರೆ ಮುಚ್ಚಿಡಬಾರದು. ಇಂಥ ಬೀಳುವಿಕೆಯಲ್ಲಿ ಬೆನ್ನುಮೂಳೆಯೂ ಮುರಿದಿರಬಹುದು. ಬೀಡಿ ಸಿಗರೇಟು ಬಿಡಬೇಕು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಇವೆರಡೂ ಗಾಯ ಮಾಯಲು ಬಿಡುವುದಿಲ್ಲ.

ಹೊಲಿಗೆ ಸಣ್ಣದೆಂದು ಬೇಗ ಕೆಲಸಕ್ಕೆ ಇಳಿಯುವಂತೆಯೂ ಇಲ್ಲ. ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಆ ಕಾಲಿಗೆ ಭಾರ ಹಾಕಬಾರದು. ಗಾಯ ಚಿಕ್ಕದಾದೀತು, ಮೂಳೆ ಕೂಡುವ ಕಾಲ ಚಿಕ್ಕದಾಗದು.