ಶಾಂತಲಾ: ಶಾಸನದಿಂದ ಹಾಜರಿ ಪುಸ್ತಕಕ್ಕೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿ ಇದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ 1123ರಲ್ಲಿ ಕಟ್ಟಿಸಿದ್ದು. ಸವತಿಯರ ಪಾಲಿಗೆ ಮದ್ದಾನೆ ಎಂಬ ತನ್ನ ಬಿರುದನ್ನೇ ಆಕೆ ಬಸದಿಗೆ ಇಟ್ಟಳು. ಒಳಗಿರುವವನು ಮಾತ್ರ ಶಾಂತಿನಾಥ. ಆ ಮೂರ್ತಿಯ ಪೀಠದಲ್ಲಿ ಶಾಂತಲದೇವಿಯ ಹೆಸರು ಕೊರೆದಿದೆ.

ಅದೇ ಹೆಸರನ್ನು ಕನ್ನಡದ ಅಪ್ಪ ಅಮ್ಮಂದಿರು ಇಂದಿಗೂ ಮಗಳ ಕಿವಿಯಲ್ಲಿ ಉಸುರುತ್ತಾರೆ.

ಶಾಂತ ಸ್ವಭಾವದವಳು ಎಂಬುದು ಅರ್ಥ. ಕೊನೆಯ ‘ಲ’ ಅಥವಾ ‘ಲೆ’ ಆ ಕಾಲದ ಹೆಣ್ಣುಹೆಸರುಗಳ ಗುರುತು. ವಿಷ್ಣುವರ್ಧನನ ತಾಯಿ ಏಚಲದೇವಿ; ಇತರ ರಾಣಿಯರು ಬಮ್ಮಲದೇವಿ, ರಾಜಲದೇವಿ; ಅಣ್ಣ ಬಲ್ಲಾಳನ ರಾಣಿಯರಲ್ಲಿ ಪದ್ಮಲದೇವಿ, ಚಾವಲದೇವಿ. ಈ ಹೆಸರುಗಳೆಲ್ಲ ಶಾಸನ ಸಂಪುಟಗಳಲ್ಲೇ ಉಳಿದವು. ಶಾಲೆಯ ಹಾಜರಿ ಪುಸ್ತಕಕ್ಕೆ ಬಂದವಳು ಶಾಂತಲೆ ಒಬ್ಬಳೇ.

ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ, ಹಳೇಬೀಡಿನಲ್ಲಿ ಶಾಂತಲೇಶ್ವರ ಅವಳ ನೆನಪನ್ನು ಕಾಯ್ದವು ನಿಜ. ಆದರೆ ಅವಳನ್ನು ಕನ್ನಡದ ಮನೆಮನೆಗೆ ಕರೆತಂದ ಹಿರಿಮೆಯಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಒಬ್ಬ ವ್ಯಾಯಾಮಪಟುವಿಗೆ. ಕೋಲಾರದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದರು. ದೂರದ ಊರುಗಳವರಿಗೆ ಅಂಚೆಯ ಮೂಲಕ ಅಂಗಸಾಧನೆ ಕಲಿಸುತ್ತಿದ್ದರು, ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಮಾರ್ಗದರ್ಶಕರಾಗಿದ್ದರು. ನಾಟಕಕಾರ ಟಿ.ಪಿ. ಕೈಲಾಸಂ ಅಯ್ಯರರ ಆಪ್ತ ಗೆಳೆಯ. ಹುರಿಗಟ್ಟಿದ ಮೈಕಟ್ಟಿನ ಅಯ್ಯರರ ಭಾವಚಿತ್ರಗಳನ್ನು ಮೊದಲು ಕಂಡವರಿಗೆ, ‘ಶಾಂತಲಾ’ ಕಾದಂಬರಿಯ ಮೆತ್ತನೆಯ ಗದ್ಯ ಇದೇ ಕೈಯಿಂದ ಬಂತೆಂದು ನಂಬುವುದು ಸುಲಭವಲ್ಲ. ರಾಣಿಯೊಬ್ಬಳ ಒಳಗುದಿಯನ್ನು ಅಷ್ಟು ಅಕ್ಕರೆಯಿಂದ ಬರೆದವರು ವಿರಳ. ಮುಂದೆ ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಬಂತು, 1983ರ ಮೂರ್ತಿದೇವಿ ಪ್ರಶಸ್ತಿ ಪಡೆಯಿತು. ಏಚಲೆಗೆ, ಬಮ್ಮಲೆಗೆ ಇಂಥ ಬರಹಗಾರರು ಸಿಗಲಿಲ್ಲ.

ಹಾಡು, ಕುಣಿತಗಳಲ್ಲಿ ಅವಳಿಗಿದ್ದ ಪರಿಣತಿಯನ್ನು ಶಾಸನಗಳು ಹೊಗಳುತ್ತವೆ. ಹಾಗಾಗಿ ಕರ್ನಾಟಕ ಸರ್ಕಾರ ನೃತ್ಯಕ್ಕೆ ಕೊಡುವ ಪ್ರಶಸ್ತಿಗೂ ಅವಳದೇ ಹೆಸರು. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದ ತುದಿಯಿಂದ ಹಾರಿದಳೆಂದು ಜನ ಇಂದಿಗೂ ಜಾಗ ತೋರಿಸುತ್ತಾರೆ. ಶಾಸನ ಹೇಳುವುದು ಅಲ್ಲಿ ಸದ್ಗತಿ ಪಡೆದಳು ಎಂದಷ್ಟೇ. ತಾಯಿ ಮಾಚಿಕಬ್ಬೆ ಮಗಳಿಲ್ಲದ ಬದುಕು ಬೇಡವೆಂದು ಬೆಳಗೊಳಕ್ಕೆ ಬಂದು ಸಲ್ಲೇಖನ ಕೈಗೊಂಡಳು.

ಈ ಹೆಸರಿಗೆ ಬಂಗಾಳದಿಂದ ಹೊರಟ ಇನ್ನೊಂದು ಪಯಣವೂ ಇದೆ. ಕೋಲ್ಕತ್ತಾಗೆ ಬಂದಿದ್ದ ಫ್ರೆಂಚ್ ಪ್ರಸೂತಿ ವೈದ್ಯ ಫ್ರೆಡರಿಕ್ ಲೆಬೊಯೆ, ಬಡವರ ಕೇರಿಯಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು ಎಳೆಗೂಸಿಗೆ ಎಣ್ಣೆ ತಿಕ್ಕುತ್ತಿದ್ದ ತಾಯಿಯನ್ನು ಕಂಡರು. ಆಕೆಯ ಹೆಸರು ಶಾಂತಲಾ. 1976ರಲ್ಲಿ ಅದೇ ಹೆಸರಿನಲ್ಲಿ ಚಿತ್ರಸಹಿತ ಪುಸ್ತಕ ತಂದರು. ಅದರ ಪ್ರಭಾವದಿಂದ ಬ್ರೆಜಿಲ್‌ನಲ್ಲಿ ಇಂದು ಕೂಸಿಗೆ ಮಾಡುವ ಅಂಗಮರ್ದನಕ್ಕೇ ‘ಶಾಂತಲಾ’ ಎನ್ನುತ್ತಾರೆ. ಎಳೆಯ ತಾಯಂದಿರು ಅದಕ್ಕಾಗಿ ತರಗತಿಗೆ ಹೋಗುತ್ತಾರೆ. ನಮ್ಮಲ್ಲಿ ಬಾಣಂತಿ ಮನೆಗೆ ಬೆಳಿಗ್ಗೆಯೇ ಬಂದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ, ಹದವಾದ ಬಿಸಿನೀರು ಎರೆಯುತ್ತಿದ್ದ ಅಜ್ಜಿಯರು ಪಟ್ಟಣಗಳಲ್ಲಿ ಈಗ ಹುಡುಕಿದರೂ ಸಿಗುವುದು ಕಷ್ಟ.